ಐಸ್ ತರಲು ಹೋದವನು

ಎಲ್ಮರ್ ನೊವಾಕ್ ಸುಳ್ಳುಗಾರನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಆ ಶನಿವಾರ ಅವನು ಮಾಡಿದ್ದನ್ನೆಲ್ಲ ಕೇಳಿದವರು ಬೇರೆ ತೀರ್ಮಾನಕ್ಕೆ ಬರುವ ಅಪಾಯವಿದೆ. ಪ್ಯಾಚೋಗ್ ಊರಿನ ಕನ್ನಡಕದ ಅಂಗಡಿಯೊಂದರಲ್ಲಿ ಕೂತು, ಜನರ ಮುರಿದ ಕಡ್ಡಿಗಳಿಗೆ ಸ್ಕ್ರೂ ಹಾಕುತ್ತಲೇ ಕೂದಲು ಹಣ್ಣಾಗಿಸಿಕೊಂಡು ನಿವೃತ್ತನಾದ ಮನುಷ್ಯ ಅವನು. ಗಿರಾಕಿಗಳಿಗೆ ಸುಳ್ಳು ಹೇಳಲಿಲ್ಲ, ತೆರಿಗೆಯವರಿಗೆ ಹೇಳಲಿಲ್ಲ. ಹೇಳಿದ್ದು ಒಬ್ಬಳೇ ಒಬ್ಬಳಿಗೆ, ಅದೂ ಭಾನುವಾರಗಳಂದು ಮಾತ್ರ.

ಆ ಒಬ್ಬಳು ಅವನ ಅಕ್ಕ ಬರ್ನಿಸ್. ಒಹಾಯೋದ ಡೇಟನ್‌ನಲ್ಲಿದ್ದ ಈ ವಿಧವೆ ಪ್ರತಿ ಭಾನುವಾರ ಚರ್ಚಿನಿಂದ ಬಂದು, ಟೋಪಿ ತೆಗೆಯುವ ಮೊದಲೇ ತಮ್ಮನಿಗೆ ಫೋನ್ ಮಾಡುತ್ತಿದ್ದಳು. ತಮ್ಮನಿಗೆ ಇಷ್ಟವಾಗುವುದು ಗಂಡಸರೇ ಎಂಬುದು ಅವಳಿಗೆ ಹಳೆಯ ಸುದ್ದಿ. ಆ ಬಗ್ಗೆ ಅವಳ ತಕರಾರಿರಲಿಲ್ಲ. ತಕರಾರಿದ್ದದ್ದು, ಇಷ್ಟು ವರ್ಷವಾದರೂ ಅಂಥ ಒಬ್ಬ ಗಂಡಸೂ ಅವಳ ಕಣ್ಣಿಗೆ ಬೀಳಲಿಲ್ಲವಲ್ಲ ಎಂಬುದರ ಬಗ್ಗೆ. ಒಬ್ಬನೇ ಅಲ್ಲಿ ಯಾಕಿರಬೇಕು, ತನ್ನ ಮನೆಯ ನೆಲಮಾಳಿಗೆ ಖಾಲಿಯಿದೆ, ಬಂದುಬಿಡು ಎಂದು ಅವಳು ವಾರವಾರವೂ ಕರೆಯುತ್ತಿದ್ದಳು. ಎಲ್ಮರ್ ಆ ನೆಲಮಾಳಿಗೆಯನ್ನು ನೋಡಿದ್ದ. ಅಲ್ಲಿ ಮನೆ ಬೆಚ್ಚಗಿಡುವ ಬಾಯ್ಲರ್ ಇತ್ತು. ಅದು ಕ್ಷಯರೋಗಿಯ ಹಾಗೆ ಕೆಮ್ಮುತ್ತಿತ್ತು.

ಬಾಯ್ಲರ್‌ನಿಂದ ತಪ್ಪಿಸಿಕೊಳ್ಳಲು ಅವನಿಗೆ ಸಿಕ್ಕಿದ್ದು ದ್ವೀಪ. ಅವನ ಊರಿನ ಮುಂದಿನ ಕೊಲ್ಲಿಯ ಆಚೆ ದಡದ ಚೆರ್ರಿ ಗ್ರೋವ್. ಗಂಡನ್ನು ಮೆಚ್ಚಿದ ಗಂಡಸರು, ಹೆಣ್ಣನ್ನು ಮೆಚ್ಚಿದ ಹೆಂಗಸರು, ಎರಡರಲ್ಲಿ ಯಾವುದೂ ಬೇಡ ಎನ್ನುವವರು, ಎರಡೂ ಇರಲಿ ಎನ್ನುವವರು, ಎಲ್ಲರೂ ಬೇಸಿಗೆಯಿಡೀ ಯಾರ ಹಂಗೂ ಇಲ್ಲದೆ ಮರಳಿನ ಮೇಲೆ ಮೈ ಚೆಲ್ಲುವ ಜಾಗ. "ಹೇಗೆ ಬರ್ಲಿ ಅಕ್ಕ, ಶನಿವಾರ ಬಂತು ಅಂದ್ರೆ ದ್ವೀಪಕ್ಕೆ ಹೋಗ್ಲೇಬೇಕು. ಅಲ್ಲಿ ನನ್ನ ಬಿಟ್ಟಿರೋರೇ ಇಲ್ಲ" ಎನ್ನುತ್ತಿದ್ದ. ಅಲ್ಲಿನ ಔತಣಗಳನ್ನೂ ಸಂಜೆಯ ಕುಣಿತಗಳನ್ನೂ ಕಣ್ಣಿಗೆ ಕಟ್ಟುವಂತೆ ವರ್ಣಿಸುತ್ತಿದ್ದ. ನಿಜಾಂಶವೇನೆಂದರೆ ಅವನು ಆ ನೀರನ್ನು ದಾಟಿದವನೇ ಅಲ್ಲ. ಒಂದೇ ಒಂದು ಸಲ ಸೇವಿಲ್‌ನ ದೋಣಿಕಟ್ಟೆಯ ಟಿಕೆಟ್ ಕಿಟಕಿಯವರೆಗೆ ಹೋಗಿದ್ದ. ಸಾಲಿನಲ್ಲಿ ನಿಂತಿದ್ದವರ ನಗುವನ್ನೂ ತೋಳುಗಳನ್ನೂ ನೋಡಿ, ಇದು ತನ್ನಂಥವನಿಗಲ್ಲ ಎಂದುಕೊಂಡು, ಹಾಟ್‌ಡಾಗ್ ತಿಂದು ಮನೆಗೆ ಬಂದಿದ್ದ.

ಹೀಗೆ ನಡೆಯುತ್ತಿದ್ದಾಗ, ಈ ಜುಲೈನಲ್ಲಿ ಬರ್ನಿಸ್ ಹೇಳದೆ ಕೇಳದೆ ಸೂಟ್‌ಕೇಸ್ ಹಿಡಿದು ಬಾಗಿಲಲ್ಲಿ ನಿಂತಳು. ತಮ್ಮನ ಮನೆಯಲ್ಲಿ ಒಂದೇ ಒಂದು ಕಾಫಿ ಬಟ್ಟಲಿರುವುದನ್ನು ನೋಡಿದಳು. ಕೂಡಲೇ ನೆಲಮಾಳಿಗೆಗೆ ಹೊಸ ಪರದೆ ಹಾಕಿಸಿರುವ ವಿಷಯ ತಿಳಿಸಿದಳು. ಆಮೇಲೆ, "ನಾಳೆ ಶನಿವಾರ ಅಲ್ವಾ. ನಿನ್ನ ಬಿಟ್ಟಿರೋಕಾಗದೆ ಇರೋರನ್ನ ನಾನೂ ಒಂದ್ಸಲ ನೋಡ್ಬೇಕು" ಎಂದಳು.

ಎಲ್ಮರ್‌ಗೆ ರಾತ್ರಿಯೆಲ್ಲ ನಿದ್ದೆ ಹತ್ತಲಿಲ್ಲ. ಆದರೆ ಬೆಳಗಾಗುವುದರೊಳಗೆ ಒಂದು ಉಪಾಯ ಹೊಳೆದಿತ್ತು. ದೋಣಿ ಇಳಿದ ತಕ್ಷಣ ಕಣ್ಣಿಗೆ ಬಿದ್ದವರಲ್ಲಿ ಅತ್ಯಂತ ಮುದುಕನನ್ನು ಹುಡುಕಬೇಕು, ಹಳೆಯ ಸ್ನೇಹಿತನ ಹಾಗೆ ಮಾತಾಡಿಸಬೇಕು. ವಯಸ್ಸಾದವರು ತಮ್ಮ ನೆನಪನ್ನು ತಾವೇ ನಂಬುವುದಿಲ್ಲ, ಮರ್ಯಾದೆಗಾಗಿಯಾದರೂ ಹೂಂ ಅನ್ನುತ್ತಾರೆ. ಯೋಚನೆಯಲ್ಲಿ ಯಾವ ದೋಷವೂ ಇರಲಿಲ್ಲ. ಎಲ್ಮರ್‌ನ ಯೋಚನೆಗಳಲ್ಲಿ ಎಂದೂ ದೋಷವಿರುತ್ತಿರಲಿಲ್ಲ. ಅವು ನಡೆದುಕೊಳ್ಳುವ ರೀತಿಯಲ್ಲಿ ಏನೋ ಇರುತ್ತಿತ್ತು.

ದೋಣಿ ಬಂದು ಕಟ್ಟೆಗೆ ತಾಗಿತು. ಇಳಿಯುವವರಿಗಾಗಿ ಕಾದವರು, ಸಾಮಾನಿಗಾಗಿ ಕೈಗಾಡಿ ಹಿಡಿದು ನಿಂತವರು, ಅರ್ಧ ಊರೇ ಅಲ್ಲಿತ್ತು. ಕಾರುಗಳಿಲ್ಲದ ಊರಿನಲ್ಲಿ ದೋಣಿ ಬರುವುದೇ ಒಂದು ಸಂಭ್ರಮ. ಕಟ್ಟೆಯ ಬೆಂಚಿನ ಮೇಲೆ, ಒಣಹುಲ್ಲಿನ ಟೋಪಿ ಹಾಕಿಕೊಂಡು ಬೀಸಣಿಗೆಯಿಂದ ಗಾಳಿ ಹಾಕಿಕೊಳ್ಳುತ್ತಿದ್ದ ಒಬ್ಬ ಮುದುಕ ಎಲ್ಮರ್‌ನ ಲೆಕ್ಕಕ್ಕೆ ತಕ್ಕಂತೆಯೇ ಕೂತಿದ್ದ. ಎಲ್ಮರ್ ಅಕ್ಕನಿಗೆ ಕಾಣುವಂತೆ ಎರಡೂ ಕೈ ಚಾಚಿ ಅವನ ಬಳಿ ಹೋದ.

"ಎಷ್ಟು ವರ್ಷ ಆಗ್ಹೋಯ್ತು," ಎಂದ. "ನನ್ನ ಗುರುತು ಸಿಗ್ಲಿಲ್ವಾ?"

ಮುದುಕ ತಲೆಯೆತ್ತಿ ಅವನನ್ನು ಟೋಪಿಯಿಂದ ಬೂಟಿನವರೆಗೆ ನೋಡಿದ. ಕೈಯಿಂದ ಬೀಸಣಿಗೆ ಜಾರಿತು. ಮುಖ ಬಿಳಿಚಿತು. ಆಮೇಲೆ, ದೂರದಲ್ಲಿ ಹಗ್ಗ ಕಟ್ಟುತ್ತಿದ್ದವನಿಗೂ ಕೇಳುವಷ್ಟು ಸ್ಪಷ್ಟವಾಗಿ ಕೇಳಿದ:

"ಐಸ್ ತಂದ್ಯಾ?"

ಇಂಥ ಪ್ರಶ್ನೆಗೆ ಎಲ್ಮರ್ ತಯಾರಾಗಿರಲಿಲ್ಲ. ತಯಾರಿಲ್ಲದ ಮನುಷ್ಯನಿಗೆ ಅಭ್ಯಾಸವೇ ಗತಿ. ಕನ್ನಡಕ ಸಿದ್ಧವಾಯಿತೇ ಎಂದು ಕೇಳಿದ ಗಿರಾಕಿಗಳಿಗೆ ಜೀವಮಾನವಿಡೀ ಹೇಳಿದ ಉತ್ತರವೇ ಬಾಯಿಗೆ ಬಂತು.

"ಇನ್ನೂ ಇಲ್ಲ. ಸ್ವಲ್ಪ ತಡ ಆಯ್ತು, ಬೇಜಾರ್ ಮಾಡ್ಕೋಬೇಡಿ."

ಕಟ್ಟೆಯ ಮೇಲಿದ್ದವರೆಲ್ಲ ಇತ್ತ ತಿರುಗಿದರು. ಕೈಗಾಡಿಗಳು ಇದ್ದಲ್ಲೇ ನಿಂತವು. ಯಾರದೋ ಕೈಯಿಂದ ನಿಂಬೆಹಣ್ಣಿನ ಚೀಲ ಬಿದ್ದು ಹಣ್ಣುಗಳು ಹಲಗೆಗಳ ಮೇಲೆ ಉರುಳಿ ನೀರಿಗೆ ಹಾರಿದವು. ಆ ನಿಂಬೆಹಣ್ಣು ಮ್ಯಾಗ್ನೋಲಿಯಾಳದು. ಕಟ್ಟೆಯ ಪಕ್ಕದ ಬಾರು ಅವಳದೇ. ವಿಗ್ ಕಳಚಿದರೆ ರಾಯ್ಸ್ ಎಂಬ ಗಂಡಸು, ತೊಟ್ಟರೆ ಮ್ಯಾಗ್ನೋಲಿಯಾ. ಅವತ್ತು ತೊಟ್ಟಿದ್ದಳು. ಆರಡಿ ಎತ್ತರ, ಅದರ ಮೇಲೆ ವಿಗ್ಗು ಒಂದಡಿ. ಅವಳು ಎಲ್ಮರ್‌ನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಹಾಗಾದ್ರೆ ಅವ್ನು ನೀನೇ" ಎಂದಳು.

ಏನು ವಿಷಯ ಎಂದು ಬರ್ನಿಸ್ ಕೇಳಿದಳು. ಅಲ್ಲಿದ್ದವರು ಒಬ್ಬರ ಬಾಯಿಂದ ಇನ್ನೊಬ್ಬರು ಕಸಿದುಕೊಳ್ಳುತ್ತ ಹೇಳಿದರು. ಈ ಮುದುಕನ ಹೆಸರು ಅಂಬ್ರೋಸ್. ತೊಂಬತ್ತೇಳರ ಜುಲೈನಲ್ಲಿ ಅವನ ಮನೆಯಲ್ಲೊಂದು ಔತಣ. ಅತಿಥಿಗಳು ಬಂದು ಕೂತಿದ್ದಾರೆ, ಮನೆಯಲ್ಲಿ ಐಸ್ ಇಲ್ಲ. ಅವರು ಬರುವ ಮೊದಲೇ ಐಸ್ ತರಲು ಹೋಗಿದ್ದ ಅವನ ಪ್ರಾಣಕಾಂತ, ಯಾರ ಕಣ್ಣಿಗೂ ಬೀಳದೆ, ತಿರುಗಿ ಬರಲೇ ಇಲ್ಲ. ಅಂಬ್ರೋಸ್ ಆತನ ಹೆಸರನ್ನೂ ಯಾರಿಗೂ ಹೇಳಲಿಲ್ಲ, ಹೇಳಿದರೆ ಎದೆ ಒಡೆಯುತ್ತದೆ ಎಂದಿದ್ದ. ಅಂದಿನಿಂದ ಆ ಮನೆಗೆ ಐಸ್ ಕಾಲಿಟ್ಟಿಲ್ಲ. ಅವನ ದುಃಖಕ್ಕೆ ಗೌರವ ಕೊಟ್ಟು ಊರಿಗೆ ಊರೇ ಪ್ರತಿ ಬೇಸಿಗೆ ಅಲ್ಲಿಗೆ ಹೋಗಿ ಬೆಚ್ಚಗಿನ ಜಿನ್ ಕುಡಿದು ಬರುತ್ತದೆ.

"ಬೆಚ್ಚಗಿನ ಜಿನ್ ಕುಡಿದಿದೀಯೇನಮ್ಮ ಯಾವತ್ತಾದ್ರೂ?" ಎಂದು ಮ್ಯಾಗ್ನೋಲಿಯಾ ಬರ್ನಿಸ್‌ಳನ್ನು ಕೇಳಿದಳು. "ಕುಡೀಬೇಡ. ಶತ್ರುಗೂ ಬೇಡ."

ಬರ್ನಿಸ್ ತಮ್ಮನ ಕಡೆ ತಿರುಗಿದಳು. ಇದೆಲ್ಲ ನಿಜವೇ ಎಂದು ಕೇಳಿದಳು. ಎಲ್ಮರ್‌ಗೆ ಒಂದು ಕ್ಷಣದಲ್ಲಿ ಎಲ್ಲ ಸ್ಪಷ್ಟವಾಯಿತು. ಅಲ್ಲ ಎಂದರೆ ಇಲ್ಲಿ ತನ್ನನ್ನು ಬಲ್ಲ ನರಪಿಳ್ಳೆಯೂ ಇಲ್ಲ ಎಂದು ಒಪ್ಪಿಕೊಂಡ ಹಾಗೆ. ಹೌದು ಎಂದರೆ ತಾನೊಬ್ಬ ಕಟುಕ. ಒಂದು ಕಡೆ ಅವಮಾನ, ಇನ್ನೊಂದು ಕಡೆ ಬಾಯ್ಲರ್.

"ನಿಜ ಅಕ್ಕ," ಎಂದ.

ಬರ್ನಿಸ್ ಬಿಡುವವಳಲ್ಲ. "ಮತ್ತೆ ಪ್ರತಿ ಶನಿವಾರ ಬರ್ತಿದ್ದೆ ಅಂತಿದ್ಯಲ್ಲ. ಇವರ ಕಣ್ಣಿಗೆ ಬೀಳದೆ ಎಲ್ಲಿಗೆ ಬರ್ತಿದ್ದೆ?"

ಟಿಕೆಟ್ ಕಿಟಕಿಯ ಮೇಲಿನ ಫಲಕದಲ್ಲಿ ಇನ್ನೊಂದು ಊರಿನ ಹೆಸರು ಇದ್ದದ್ದು ಎಲ್ಮರ್‌ಗೆ ನೆನಪಾಯಿತು. "ಪೈನ್ಸ್‌ಗೆ," ಎಂದ.

ಬೆಂಕಿಗೆ ತುಪ್ಪ ಸುರಿದಂತಾಯಿತು. ಪೈನ್ಸ್ ಎಂದರೆ ಪಕ್ಕದ ಊರು, ನಡೆದೇ ಹೋಗುವಷ್ಟು ಹತ್ತಿರ. ಹಣವಂತರ ಊರು, ಮನೆಗೊಂದು ಈಜುಕೊಳವಿರುವ ಊರು. ಚೆರ್ರಿ ಗ್ರೋವ್‌ನವರು ಆ ಹೆಸರನ್ನು, ಸೊಸೆಯ ತವರಿನ ಹೆಸರು ಹೇಳುವ ಅತ್ತೆಯ ಧಾಟಿಯಲ್ಲಿ ಹೇಳುತ್ತಾರೆ. ಐಸ್ ತರಲು ಹೋದವನು ಸತ್ತಿರಬಹುದು, ಸಮುದ್ರಕ್ಕೆ ಬಿದ್ದಿರಬಹುದು, ಕಡೆಗೆ ಮದುವೆಯಾಗಿ ಮಕ್ಕಳನ್ನೇ ಹೆತ್ತಿರಬಹುದು ಎಂದು ಇಷ್ಟು ವರ್ಷ ಲೆಕ್ಕ ಹಾಕಿದ್ದ ಜನಕ್ಕೆ, ಅವನು ಪಕ್ಕದ ಊರಿನ ಈಜುಕೊಳದಲ್ಲಿ ಕಾಲಾಡಿಸುತ್ತ ತಣ್ಣಗಿನ ಜಿನ್ ಕುಡಿಯುತ್ತಿದ್ದ ಎಂದು ತಿಳಿದರೆ ಹೇಗಾಗಬೇಡ.

ಸುದ್ದಿ ಹಲಗೆಯ ಹಾದಿಗಳ ಮೇಲೆ ಬರಿಗಾಲಿನಲ್ಲಿ ಓಡಿತು. ಮಧ್ಯಾಹ್ನದ ಹೊತ್ತಿಗೆ ಎಲ್ಮರ್‌ನನ್ನು ಕಾಣದವರೇ ಉಳಿಯಲಿಲ್ಲ. ಮರಳಿನ ಮೇಲೆ ಮಲಗಿದ್ದವರು ಮೈಗೆ ಟವೆಲ್ ಸುತ್ತಿಕೊಂಡು ಬಂದು ನೋಡಿ ಹೋದರು. ಇಂಥ ಮೀಸೆಯವನಿಗೆ ಇಷ್ಟು ಧೈರ್ಯವೇ ಎಂದು ಕೆಲವರು ಅಂದರು, ಇಂಥ ಸಪ್ಪೆ ಮುಖದವನನ್ನೇ ನಂಬಬಾರದು ಎಂದು ಕೆಲವರು. ಬಾರಿನಲ್ಲಿ ಅವನು ನಿಂಬೆಪಾನಕ ಕೇಳಿದರೆ ಬಿಸಿಬಿಸಿ ಕೊಟ್ಟರು. ಚಿಪ್ಪುಮೀನಿನ ಸೂಪು ಕೇಳಿದರೆ ತಣ್ಣಗೆ ಕೊಟ್ಟರು. ಎಲ್ಮರ್ ಎರಡನ್ನೂ ಮರುಮಾತಿಲ್ಲದೆ ಮುಗಿಸಿದ. ಇಲ್ಲಿ ಒಂದು ಗುಟ್ಟು ಹೇಳಬೇಕು. ಅವನಿಗೆ ಹಿತವಾಗುತ್ತಿತ್ತು. ಅಂಗಡಿಗೆ ಬಂದವರು ಇಷ್ಟು ವರ್ಷ ಅವನ ಮುಖದ ಹಿಂದಿನ ಕನ್ನಡಿಯಲ್ಲಿ ತಮ್ಮನ್ನು ನೋಡಿಕೊಂಡಿದ್ದರೇ ಹೊರತು ಯಾರೂ ಅವನನ್ನು ಹೀಗೆ ಕಣ್ಣಿಟ್ಟು ನೋಡಿರಲಿಲ್ಲ.

ಅವನನ್ನು ಏನು ಮಾಡಬೇಕೆಂಬ ಬಗ್ಗೆ ಒಮ್ಮತವಿರಲಿಲ್ಲ. ಮೊದಲ ದೋಣಿಗೆ ಹತ್ತಿಸಿ ಕಳಿಸಬೇಕೆಂದು ಒಂದು ಪಕ್ಷ, ಹತ್ತಿಸಲೇಬಾರದೆಂದು ಇನ್ನೊಂದು ಪಕ್ಷ. ಕೊನೆಗೆ ರೋಡಾ ಸೀಟಿ ಊದಿದಳು. ರೋಡಾ ಊರಿನ ಅಗ್ನಿಶಾಮಕ ದಳದ ಮುಖ್ಯಸ್ಥೆ, ಅದಕ್ಕೆ ಮೊದಲು ಶಾಲೆಯಲ್ಲಿ ಗಣಿತದ ಟೀಚರ್. ಎರಡೂ ಉದ್ಯೋಗಗಳಿಂದ ಅವಳ ಧ್ವನಿಗೆ ಒಂದು ಬಿರುಸು ಬಂದಿತ್ತು.

"ಒಂದು ಕೆಲಸ ಅರ್ಧಕ್ಕೆ ನಿಂತಿದೆ," ಎಂದಳು. "ಮೊದ್ಲು ಅದು ಮುಗೀಲಿ. ಐಸ್ ತರೋಕೆ ಹೋದೋನು ಐಸ್ ತಗೊಂಡು ಮನೆ ಸೇರ್ಲಿ. ಶಿಕ್ಷೆ ವಿಚಾರ ಆಮೇಲೆ."

ಕಿರಾಣಿ ಅಂಗಡಿಯಿಂದ ದೊಡ್ಡದೊಂದು ಐಸ್ ಮೂಟೆ ತಂದು ಎಲ್ಮರ್‌ನ ಹೆಗಲಿಗೆ ಏರಿಸಿದರು. ಯಾರೂ ಕೈ ಹಚ್ಚಕೂಡದು, ಪೈನ್ಸ್ ಕಡೆ ಓಡದಂತೆ ಇಬ್ಬರು ಗಟ್ಟಿಗರು ಎರಡು ಬದಿಗೆ ನಿಲ್ಲಬೇಕು ಎಂದು ರೋಡಾಳ ಅಪ್ಪಣೆಯಾಯಿತು. ಮೆರವಣಿಗೆ ಹೊರಟಿತು. ಮುಂದೆ ಅಗ್ನಿಶಾಮಕ ದಳದ ಪುಟ್ಟ ಗಾಡಿ ಗಂಟೆ ಬಾರಿಸುತ್ತ. ಅದರ ಹಿಂದೆ ಬರ್ನಿಸ್, ಚರ್ಚಿನ ಟೋಪಿಯಲ್ಲಿ. ನಡುವೆ ಎಲ್ಮರ್, ನೆತ್ತಿಯ ಮೇಲೆ ಜುಲೈ ಬಿಸಿಲು, ಬೆನ್ನ ಮೇಲೆ ಮಾಘದ ಚಳಿ. ಹಿಂದೆ ಮ್ಯಾಗ್ನೋಲಿಯಾ. ಅವಳ ಎತ್ತರದ ಹಿಮ್ಮಡಿ ಹಲಗೆಗಳ ಸಂದಿನಲ್ಲಿ ಪದೇ ಪದೇ ಸಿಕ್ಕಿಕೊಂಡು, ಅವಳನ್ನು ಕಿತ್ತು ತೆಗೆಯಲಿಕ್ಕೆಂದೇ ಇಬ್ಬರು ಬೇಕಾದರು. ಅವರ ಹಿಂದೆ ಊರು. ಪೊದೆಯಿಂದ ಎದ್ದ ಜಿಂಕೆಯೊಂದು ಸ್ವಲ್ಪ ಹೊತ್ತು ಇದೇನೆಂದು ನೋಡಿ, ತಾನೂ ಸೇರಿಕೊಂಡಿತು. ಮೂಟೆ ಕರಗಿ ಎಲ್ಮರ್‌ನ ಅಂಗಿಯೊಳಗೆ ಇಳಿದು ಪ್ಯಾಂಟಿನಿಂದ ಹೊರಬರುತ್ತಿತ್ತು. ಬೇಗ ನಡಿ, ಇಷ್ಟು ವರ್ಷ ಕಾಯಿಸಿದ್ದು ಸಾಲದೇ ಎಂದು ಮಹಡಿಗಳ ಮೇಲಿಂದ ಹೆಂಗಸರು ಮೂದಲಿಸಿದರು. ಒಬ್ಬರು ಹೂವನ್ನೂ ಎಸೆದರು, ಕುಂಡದ ಸಮೇತ.

ಅಂಬ್ರೋಸ್ ಆಗಲೇ ಮನೆ ಸೇರಿ, ಬಿಳಿ ಸೂಟು ತೊಟ್ಟು ಜಗುಲಿಯಲ್ಲಿ ನಿಂತಿದ್ದ. ಅವನ ಕಾಲ ಬಳಿ ಎಲ್ಮರ್ ಮೂಟೆ ಇಳಿಸುತ್ತಿದ್ದಂತೆ ಬರ್ನಿಸ್ ಮೆಟ್ಟಿಲು ಹತ್ತಿ ಜನರ ಕಡೆ ತಿರುಗಿದಳು. ಅಂಥ ಬೈಗುಳವನ್ನು ಆ ದ್ವೀಪ ಕೇಳಿರಲಿಲ್ಲ. ಇವನು ತನ್ನ ಒಡಹುಟ್ಟಿದವನು, ತೊಟ್ಟಿಲು ತೂಗಿದವಳು ತಾನೇ, ಇಂಥ ಕಲ್ಲೆದೆಯವನಾಗುತ್ತಾನೆಂದು ಗೊತ್ತಿದ್ದರೆ ಅವತ್ತೇ ತೂಗುವುದನ್ನು ನಿಲ್ಲಿಸುತ್ತಿದ್ದೆ ಎಂದಳು. ಮನುಷ್ಯರನ್ನು ಕಾಯಿಸುವುದರ ಪಾಪ, ಮಾತಿಗೆ ತಪ್ಪುವುದರ ಪಾಪ, ಬೆಚ್ಚಗಿನ ಜಿನ್ನಿನ ಪಾಪ, ಒಂದೊಂದಾಗಿ ವಿವರಿಸಿದಳು. ಕೊನೆಗೆ ನೊವಾಕ್ ಮನೆತನದ ಪರವಾಗಿ ಅಂಬ್ರೋಸ್‌ನ ಎರಡೂ ಕೈ ಹಿಡಿದು ಕ್ಷಮೆ ಕೇಳಿದಳು. ಜನ ಚಪ್ಪಾಳೆ ತಟ್ಟಿದರು. ಒಳ್ಳೆಯ ನಾಟಕವನ್ನು ಗುರುತಿಸಬಲ್ಲ ಊರು ಅದು.

ಮದುವೆ ಮಾಡಿಸಿಯೇಬಿಡೋಣ ಎಂದು ಮ್ಯಾಗ್ನೋಲಿಯಾ ಮುಂದೆ ಬಂದಳು. ಮದುವೆ ಮಾಡಿಸುವ ಅಧಿಕಾರ ಅವಳಿಗೆ ಕಾಯಿದೆ ಪ್ರಕಾರವೇ ಇತ್ತು, ಮೇಜಿನ ಹಾಸನ್ನು ಆಗಲೇ ಮುಸುಕಿನ ಹಾಗೆ ಮಡಚಿ ಹಿಡಿದಿದ್ದಳು. ಎಲ್ಮರ್ ಮೂಟೆಯ ಹಿಂದಕ್ಕೆ ಸರಿದ. ಆಗ ಅಂಬ್ರೋಸ್ ಕೈಯೆತ್ತಿ, ಮೊದಲು ಇವನ ಹತ್ತಿರ ಒಂದು ಮಾತಾಡಬೇಕು, ಒಬ್ಬನೇ, ಎಂದು ಅವನನ್ನು ಅಡುಗೆಮನೆಗೆ ಕರೆದೊಯ್ದು ಬಾಗಿಲು ಹಾಕಿದ.

"ಯಾರಯ್ಯ ನೀನು?" ಎಂದ.

ಎಲ್ಮರ್ ತನ್ನ ಹೆಸರು ಹೇಳಿದ, ಕನ್ನಡಕದ ಕೆಲಸ ಹೇಳಿದ. ತಾನು ಆ ಮನುಷ್ಯ ಅಲ್ಲವೆಂದೂ ಅವನ ದುಃಖದ ಜೊತೆ ಆಟವಾಡಿದ್ದಕ್ಕೆ ಏನು ಶಿಕ್ಷೆ ಕೊಟ್ಟರೂ ಸರಿಯೆಂದೂ ಹೇಳಿದ.

"ನೀನು ಅವನಲ್ಲ ಅಂತ ನಂಗೊತ್ತಿಲ್ವಾ?" ಎಂದ ಅಂಬ್ರೋಸ್. "ಅವನು ಇದ್ರೆ ತಾನೆ."

ಎಲ್ಮರ್‌ಗೆ ಅರ್ಥವಾಗಲಿಲ್ಲ. ಮುದುಕ ಕುರ್ಚಿ ಎಳೆದು ಕೂತ.

"ಅವತ್ತು ಐಸ್ ತರೋದು ಮರೆತಿದ್ದೆ ಕಣಯ್ಯ. ಹೊಸದಾಗಿ ಊರಿಗೆ ಬಂದೋನು, ಮೊದಲನೇ ಸಲ ಜನಾನ ಕರೆದಿದ್ದೆ. ಐಸ್ ಎಲ್ಲಿ ಅಂದ್ರು. ನಾಚಿಕೆ ಆಯ್ತು, ಅವನು ತರೋಕೆ ಹೋಗಿದಾನೆ ಅಂದುಬಿಟ್ಟೆ. ಯಾವ ಅವನು ಅಂದ್ರು. ನಮ್ಮವನು ಅಂದೆ. ಬರ್ಲಿಲ್ಲ. ಇಲ್ದೋನು ಎಲ್ಲಿಂದ ಬರ್ತಾನೆ? ಮಾರನೇ ದಿನ ನನ್ನ ಸಮಾಧಾನಕ್ಕೆ ಅಂತ ಬಾಗಿಲಿಗೆ ಏಳು ಮನೆಯಿಂದ ಪೈ ತಿಂಡಿ ಬಂತು." ಸೂಟಿನ ತೋಳು ಸರಿಮಾಡಿಕೊಂಡ. "ಆ ವರ್ಷಗಳಲ್ಲಿ ಇಲ್ಲಿ ಎಲ್ಲಾ ಮನೇಲೂ ಒಬ್ಬೊಬ್ಬರು ಹೋಗಿದ್ರು. ಏಡ್ಸ್ ಕಾಯಿಲೆ ಕಾಲ. ಅಳೋಕೆ ಎಲ್ಲರಿಗೂ ಒಬ್ಬೊಬ್ಬ ಇದ್ದ. ನಂಗೆ ಕಳ್ಕೊಳ್ಳೋಕೂ ಯಾರೂ ಇರ್ಲಿಲ್ಲ. ಅದನ್ನ ಅವರಿಗೆ ಹೇಗೆ ಹೇಳ್ಲಿ?"

ಎದ್ದು ಫ್ರಿಜ್ ತೆಗೆದು ಬಟಾಣಿ ಪೊಟ್ಟಣಗಳನ್ನು ಸರಿಸಿದ. ಹಿಂದೆ ಐಸ್ ತಟ್ಟೆಯೊಂದಿತ್ತು. ಅತಿಥಿಗಳು ಹೋದ ಮೇಲೆ ಕಿಟಕಿಗೆ ಪರದೆ ಎಳೆದು ತಣ್ಣಗೆ ಕುಡಿಯುತ್ತೇನೆ, ಬೆಚ್ಚಗಿನದು ತನ್ನ ಗಂಟಲಲ್ಲೂ ಇಳಿಯುವುದಿಲ್ಲ ಎಂದ.

"ಬೆಳಿಗ್ಗೆ ನೀನು ಗುರುತು ಸಿಗ್ಲಿಲ್ವಾ ಅಂದಾಗ, ನನ್ನ ಸುಳ್ಳೇ ಪ್ಯಾಂಟು ಹಾಕ್ಕೊಂಡು ದೋಣಿ ಇಳಿದು ಬಂತು ಅನ್ನಿಸ್ತು. ನೋಡೇಬಿಡೋಣ ಅಂತ ಐಸ್ ತಂದ್ಯಾ ಅಂದೆ. ತಡ ಆಯ್ತು ಅಂದ್ಯಲ್ಲೋ ಮಾರಾಯ. ಆಮೇಲೆ ನಾನೇನು ಮಾಡ್ಲಿ?"

ಎಲ್ಮರ್ ತನ್ನ ಭಾನುವಾರಗಳ ಕಥೆ ಹೇಳಿದ. ಅಕ್ಕ, ಪರದೆ, ಕೆಮ್ಮುವ ಬಾಯ್ಲರ್, ಎಲ್ಲ. ಹೇಳುತ್ತ ಅವನ ಕೈ ಅಭ್ಯಾಸಬಲದಿಂದ ಅಂಬ್ರೋಸ್‌ನ ಮೂಗಿನ ಮೇಲೆ ಓರೆಯಾಗಿದ್ದ ಕನ್ನಡಕವನ್ನು ತೆಗೆದು, ಕಿಸೆಯ ಪುಟ್ಟ ತಿರುಪುಳಿಯಿಂದ ಸರಿಮಾಡತೊಡಗಿತು. ಅಂಬ್ರೋಸ್ ಕನ್ನಡಕವಿಲ್ಲದ ಕಣ್ಣುಗಳಿಂದ ಅವನನ್ನೇ ನೋಡುತ್ತಿದ್ದ. ನಗು ತಡೆಯಲಾಗದೆ ಅವನ ಹೊಟ್ಟೆ ಕುಲುಕಲು ಶುರುವಾಯಿತು. ಎಲ್ಮರ್‌ನದೂ ಕುಲುಕಿತು. ಹೊರಗೆ ಕೇಳಬಾರದೆಂದು ಬಾಯಿಗೆ ಬಟ್ಟೆ ತುರುಕಿಕೊಂಡರು, ಅದರಿಂದ ಸದ್ದು ಇನ್ನೂ ಕರುಳು ಹಿಂಡುವಂತಾಯಿತು. ಕಿಟಕಿಗೆ ಕಿವಿಗೊಟ್ಟು ನಿಂತಿದ್ದವರು, ಇಬ್ಬರೂ ಬಿಕ್ಕಿ ಬಿಕ್ಕಿ ಅಳುತ್ತಿದ್ದಾರೆ ಎಂದು ಹಿಂದಿನವರಿಗೆ ತಿಳಿಸಿದರು. ಮ್ಯಾಗ್ನೋಲಿಯಾಳ ಕಣ್ಣಿನ ಕಾಡಿಗೆ ಗಲ್ಲದವರೆಗೆ ಹರಿಯಿತು.

ಹೊರಗೆ ಬಂದು ಅಂಬ್ರೋಸ್ ತೀರ್ಪು ಕೊಟ್ಟ. ಕ್ಷಮಿಸಿದ್ದೇನೆ, ಆದರೆ ಮದುವೆಗೆ ಅವಸರವಿಲ್ಲ. ಇವನು ಒಂದು ವರ್ಷ ಪ್ರತಿ ಶನಿವಾರ ತಪ್ಪದೆ ಬಂದು ತನ್ನ ಕೈಯಲ್ಲಿ ಬೈಸಿಕೊಂಡು ಹೋಗಲಿ, ಆಮೇಲೆ ನೋಡೋಣ. ಇದು ನ್ಯಾಯವೆಂದು ರೋಡಾ ಒಪ್ಪಿದಳು. ಮೂಟೆಯಲ್ಲಿ ಉಳಿದಿದ್ದ ಐಸ್ ಒಡೆದು ಎಲ್ಲರ ಲೋಟಕ್ಕೂ ಹಾಕಿದರು. ಮೊದಲ ಗುಟುಕು ಕುಡಿದ ರೋಡಾ ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ತೆರೆಯಲಿಲ್ಲ. ಆಮೇಲೆ ಶುರುವಾದ ಕುಣಿತಕ್ಕೆ ಜಗುಲಿಯ ಎರಡು ಹಲಗೆ ಮುರಿದವು. ಅದರಲ್ಲೊಂದನ್ನು ಮುರಿದದ್ದು ಮ್ಯಾಗ್ನೋಲಿಯಾಳ ಜೊತೆ ಕುಣಿಯುತ್ತಿದ್ದ ಬರ್ನಿಸ್.

ಸಂಜೆಯ ದೋಣಿ ಹೊರಟಾಗ ಕಟ್ಟೆಯ ಮೇಲೆ ನಿಂತು ಕೈಬೀಸುತ್ತಿದ್ದವರೆಲ್ಲರೂ ಎಲ್ಮರ್‌ನ ಹೆಸರು ಹಿಡಿದೇ ಬೈಯುತ್ತಿದ್ದರು. ಅವರು ಕಾಣದಾಗುವವರೆಗೂ ಅವನು ಕೈಬೀಸಿದ. ಬರ್ನಿಸ್ ಚಪ್ಪಲಿ ಕಳಚಿ ಕಾಲು ನೀಡಿ ಕೂತಿದ್ದಳು.

"ನೆಲಮಾಳಿಗೆಗೆ ಹೊಲಿಗೆ ಮಿಷನ್ ಹಾಕ್ಕೋತೀನಿ," ಎಂದಳು. "ಜಾಗ ಸುಮ್ನೆ ಬಿದ್ದಿದೆ."

ಎಲ್ಮರ್ ಉಸಿರು ಬಿಟ್ಟ. ದಡ ಸೇರಿದೆ ಎಂದುಕೊಂಡ. ಅಷ್ಟರಲ್ಲಿ ಅವಳು ನೀರನ್ನೇ ನೋಡುತ್ತ ಹೇಳಿದಳು:

"ತೊಂಬತ್ತೇಳರ ಜುಲೈನಲ್ಲಿ ನೀನು ಕಾಲು ಮುರ್ಕೊಂಡು ನಮ್ಮನೆ ಸೋಫಾ ಮೇಲೆ ಬಿದ್ದಿದ್ದೆ. ತಿಂಗಳಿಡೀ ಸ್ನಾನಕ್ಕೆ ಎತ್ಕೊಂಡು ಹೋಗಿದ್ದು ನಾನು."

ಎಲ್ಮರ್ ಒದ್ದೆ ಬೂಟು ಕಳಚಿ ಅದರೊಳಗಿನ ನೀರು ಚೆಲ್ಲಿದ. ಕೊನೆಗೆ, ಗೊತ್ತಿದ್ದೂ ಅಷ್ಟು ಜನರ ಎದುರಿಗೆ ಹಾಗೇಕೆ ಬೈದೆ ಎಂದು ಕೇಳಿದ.

"ಅಮ್ಮನಿಗೂ ನಂಗೂ ಒಂದೇ ಒಂದಿನ ಬೈಯೋಕೆ ಅವಕಾಶ ಕೊಟ್ಟಿದೀಯೇನೋ ನೀನು? ತಪ್ಪು ಮಾಡಿದ್ರೆ ತಾನೆ. ಇವತ್ತು ಸಿಕ್ತು, ಬಿಡ್ತೀನಾ?" ಎಂದಳು ಬರ್ನಿಸ್. ಆಮೇಲೆ ಧ್ವನಿ ತಗ್ಗಿಸಿದಳು. "ಆದ್ರೆ ಆ ಮುದುಕಪ್ಪ, ಪಾಪ, ನಿಜವಾಗ್ಲೂ ನಂಬ್ಕೊಂಡುಬಿಟ್ಟಿದಾನೆ. ಕಣ್ಣು ಸರಿ ಕಾಣಲ್ಲ ಅನ್ನಿಸ್ತದೆ. ನೀನು ಬಾಯಿಬಿಟ್ಟು ಅವನ ಎದೆ ಒಡೀಬೇಡ. ಆ ಹಾಳಾದೋನು, ನಿಜವಾದೋನು, ಬರೋವರೆಗೂ ಶನಿವಾರ ಶನಿವಾರ ನೀನೇ ಹೋಗ್ತಾ ಇರು."

"ಅವನು ಬರೋವರೆಗೂನಾ, ಅಕ್ಕ?"

"ಬರೋವರೆಗೂ."

ಹಾಗೇ ಆಗಲಿ ಎಂದು ಎಲ್ಮರ್ ಮಾತು ಕೊಟ್ಟ.